ಫೇಲ್ ಅಂದರೆ ಏನು?

(ಸೆಂಟರ್‌ವಿಲ್‌ನಲ್ಲಿ, ಕನ್ನಡ ಕಲಿಯುತ್ತಿರುವ ಮಕ್ಕಳ ತಂದೆತಾಯಿಯರ ಮುಂದೆ ಆಡಿದ ಮಾತು)



ಇವತ್ತು ಒಂದೇ ಒಂದು ಇಂಗ್ಲಿಷ್ ಪದದ ಬಗ್ಗೆ ಮಾತಾಡುತ್ತೇನೆ: ಫೇಲ್. ನಾವೆಲ್ಲ ಪಾಸಾಗುತ್ತಾ ಪಾಸಾಗುತ್ತಾ ಇಲ್ಲಿಯವರೆಗೆ ಬಂದವರು. ಆದರೂ ಈ ಪದ ನಮ್ಮ ಬೆನ್ನು ಬಿಟ್ಟಿಲ್ಲ. ಬ್ರೇಕ್ ಫೇಲ್, ಕಿಡ್ನಿ ಫೇಲ್, ಸರ್ವರ್ ಫೇಲ್, ಮಗ ಗಣಿತದಲ್ಲಿ ಫೇಲ್. ಯಂತ್ರಕ್ಕೂ ಮಗುವಿಗೂ ಒಂದೇ ಮುದ್ರೆ!

ಈ ಪದದ ಬೇರು ಲ್ಯಾಟಿನ್ನಿನ 'ಫಾಲರೆ'. ಮೋಸಮಾಡು ಅಂತ ಅದರ ಅರ್ಥ. ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂತು. ಈಗ ನಮ್ಮ 'ಕೈಕೊಡು' ನೆನಪಿಸಿಕೊಳ್ಳಿ. ಮಳೆ ಕೈಕೊಟ್ಟಿತು, ಬೋರ್‌ವೆಲ್ ಕೈಕೊಟ್ಟಿತು, ನಂಬಿದ ಗೆಳೆಯ ಕೈಕೊಟ್ಟ. ರೋಮಿನವರೂ ನಮ್ಮ ರೈತರೂ ಒಂದೇ ದಾರಿಯಲ್ಲಿ ಯೋಚಿಸಿದ್ದಾರೆ ನೋಡಿ!

ಕೈಕೊಡುವುದೊಂದೇ ಅಲ್ಲ. ಯೋಜನೆ ಕೈಗೂಡಲಿಲ್ಲ, ಗುರಿ ತಪ್ಪಿತು, ಸಿನಿಮಾ ನೆಲಕಚ್ಚಿತು, ಬ್ಯಾಂಕ್ ದಿವಾಳಿಯಾಯಿತು. ಒಂದೊಂದು ಮಾತೂ ನಿಜವಾಗಿ ಆದದ್ದೇನು ಅಂತ ಹೇಳುತ್ತದೆ. ಇನ್ನು 'ಸೋಲು' ತೆಗೆದುಕೊಳ್ಳಿ. ಆಟದಲ್ಲಿ ಸೋಲುತ್ತೇವೆ, ನಡೆದು ನಡೆದು ಕಾಲು ಸೋಲುತ್ತದೆ, ಮಗುವಿನ ನಗುವಿಗೆ ಮನ ಸೋಲುತ್ತದೆ. ಸೋಲಿನಲ್ಲೂ ಇಷ್ಟು ಸೊಗಸು ಇಟ್ಟುಕೊಂಡ ನುಡಿ ನಮ್ಮದು.

ಹೀಗಿದ್ದೂ ನಮ್ಮ ನೋಟಿಸುಗಳಲ್ಲಿ 'ಬಾಕಿ ಪಾವತಿಸಲು ವಿಫಲರಾದಲ್ಲಿ' ಎಂಬ ಸಾಲು ಕಾಣುತ್ತದೆ. ಇದು ಇಂಗ್ಲಿಷಿನ ಪಡಿಯಚ್ಚು. ಅಲ್ಲಿ ಆ ಪದಕ್ಕೆ 'ಮಾಡದೇ ಇರು' ಎಂಬ ಅರ್ಥವೂ ಇದೆ. ಕನ್ನಡದ ವಿಫಲ ಹಾಗಲ್ಲ, ಪ್ರಯತ್ನಪಟ್ಟೂ ಫಲ ಸಿಗದವನಿಗೆ ಒಪ್ಪುವ ಮಾತು. 'ಬಾಕಿ ಕಟ್ಟದಿದ್ದರೆ' ಅಂದರೆ ಸಾಲದೇ?

ಇನ್ನು ಪರೀಕ್ಷೆಗೆ ಬರೋಣ. ಧಾರವಾಡದ ಕಡೆ ಫೇಲಾದವನು 'ನಪಾಸು'. ಮರಾಠಿಯಲ್ಲೂ 'ನಾಪಾಸ್' ಇದೆ. 1956ರವರೆಗೆ ಆ ಭಾಗ ಮುಂಬಯಿ ಆಡಳಿತದಲ್ಲಿತ್ತಲ್ಲ! ಬೆಂಗಳೂರಿನ ಹುಡುಗರ ಬಾಯಲ್ಲಿ ಅವನು 'ಡುಮ್ಕಿ ಹೊಡೆದ'. ಪುಸ್ತಕದ ಭಾಷೆಯಲ್ಲಿ 'ಅನುತ್ತೀರ್ಣ'. ಉತ್ತೀರ್ಣ ಅಂದರೆ ದಾಟಿದವನು, ಅನುತ್ತೀರ್ಣ ಅಂದರೆ ದಾಟದವನು. ಹೊಳೆಯ ಈಚೆ ದಡದಲ್ಲಿ ನಿಂತಿದ್ದಾನೆ, ಅಷ್ಟೇ. ನಾಳೆ ದಾಟಬಹುದು.

ಆ ಹೊಳೆಯ ಅಗಲವನ್ನಾದರೂ ಯಾರು ಗೊತ್ತುಮಾಡಿದ್ದು? ಎಸ್ಸೆಸ್ಸೆಲ್ಸಿ ಪಾಸಾಗಲು ಒಟ್ಟು ಶೇಕಡ 35 ಬೇಕಿತ್ತು. 2025ರ ಅಕ್ಟೋಬರಿನಲ್ಲಿ ಕರ್ನಾಟಕ ಸರ್ಕಾರ ಅದನ್ನು 33ಕ್ಕೆ ಇಳಿಸಿತು. ಶೇಕಡ 34 ತೆಗೆದು ಒಂದು ವರ್ಷ ಫೇಲ್ ಅನ್ನಿಸಿಕೊಂಡವನಷ್ಟೇ ತಿಳಿದ ಹುಡುಗ ಮರುವರ್ಷ ಆ ಗೆರೆ ದಾಟಿಬಿಡುತ್ತಾನೆ! 2024ರಲ್ಲಂತೂ ಒಂದೇ ವರ್ಷದಲ್ಲಿ ಮೂರು ಪರೀಕ್ಷೆ ನಡೆಸಿ ಮೂರು ಸಲ ಅವಕಾಶ ಕೊಟ್ಟರು. ಇಲ್ಲಿ ವರ್ಜೀನಿಯಾದ ಎಸ್‌ಓಎಲ್ ಪರೀಕ್ಷೆಯಲ್ಲಿ 400 ಬಂದರೆ ಪಾಸು, 399 ಬಂದರೆ ಇಲ್ಲ ಅನ್ನುವ ಕಾಲವಿತ್ತು. ಗೆರೆ ಬೇಕು ನಿಜ. ಆದರೆ ಗೆರೆ ಅಂಕಕ್ಕೆ ಎಳೆದದ್ದು, ಮಗುವಿಗೆ ಎಳೆದದ್ದಲ್ಲ.

ಪರಿಚಯದ ಹುಡುಗನೊಬ್ಬ ಒಮ್ಮೆ ನನ್ನ ಮುಂದೆ 'ಐ ಆಮ್ ಎ ಫೇಲ್ಯೂರ್' ಅಂದ. ಹನ್ನೆರಡು ವರ್ಷದವನು. ಅದನ್ನೇ ಕನ್ನಡದಲ್ಲಿ ಹೇಳು ಅಂದೆ. ತಡಕಾಡಿದ. ಕೊನೆಗೆ, 'ಭಿನ್ನರಾಶಿ ಲೆಕ್ಕ ಬರಲಿಲ್ಲ' ಅಂದ. ಬರದಿದ್ದರೆ ಕಲಿಸೋಣ! ಭಿನ್ನರಾಶಿಗೆ ಮದ್ದಿದೆ. ಇಂಗ್ಲಿಷಿನಲ್ಲಿ ಅವನೇ ಸೋಲಾಗಿದ್ದ, ಕನ್ನಡದಲ್ಲಿ ಅವನಿಗೊಂದು ಲೆಕ್ಕ ಬಂದಿರಲಿಲ್ಲ.

ಕನ್ನಡದಲ್ಲೂ ಮಕ್ಕಳನ್ನು ಹಳಿಯುವ ಮಾತುಗಳಿಗೆ ಬರವಿಲ್ಲ. 'ದಂಡಪಿಂಡ' ಅನ್ನೋದು ನಮ್ಮದೇ ತಾನೇ? ಹಾಗಾಗಿ ಭಾಷೆ ಬದಲಿಸಿದರೆ ಸಾಲದು, ಮಾತನ್ನು ಆರಿಸಬೇಕು.

ನನ್ನ ಕೋರಿಕೆ ಚಿಕ್ಕದು. ಮಗು ರಿಪೋರ್ಟ್ ಕಾರ್ಡ್ ಹಿಡಿದು ಬಂದಾಗ 'ಫೇಲಾ?' ಅನ್ನಬೇಡಿ. ಯಾವುದು ತಪ್ಪಿತು, ಯಾವುದು ಬರಲಿಲ್ಲ, ಎಲ್ಲಿ ಎಡವಿದೆ ಅಂತ ಕನ್ನಡದಲ್ಲಿ ಕೇಳಿ. ಮಗುವೂ ಕನ್ನಡದಲ್ಲೇ ಉತ್ತರ ಹುಡುಕಲಿ. ವಾರಕ್ಕೊಮ್ಮೆ ಅಆಇಈ ತಿದ್ದಿಸುವುದಕ್ಕಿಂತ ಇದು ದೊಡ್ಡ ಕನ್ನಡ ಪಾಠ.

ಏನಂತೀರಿ?