ಗಾಯ ಒಣಗಿದ ಮೇಲೆ

(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣ)



ನಾನು ಡಾಕ್ಟರಲ್ಲ. ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಆಮೇಲೆ ಸುಟ್ಟಗಾಯದ ವಾರ್ಡಿಗೆ ಹೋಗಿ ಬರುತ್ತಾ ಅಲ್ಲಿನ ನರ್ಸುಗಳಿಂದ, ಫಿಸಿಯೋಥೆರಪಿಯವರಿಂದ, ಎಲ್ಲಕ್ಕಿಂತ ಹೆಚ್ಚಾಗಿ ಮಂಚದ ಮೇಲಿದ್ದ ಹೆಣ್ಣುಮಕ್ಕಳಿಂದ ಕಲಿತದ್ದನ್ನು ನಿಮ್ಮ ಮುಂದಿಡುತ್ತೇನೆ.

‘ಸ್ಟವ್ ಸಿಡಿಯಿತು’ ಎಂಬ ಮಾತು ನಮಗೆ ಹೊಸದಲ್ಲ. ಸಿಡಿದ ಸ್ಟವ್ ಸೊಸೆಯನ್ನೇ ಏಕೆ ಸುಡುತ್ತದೆ ಎಂದು ನಾವು ಕೇಳುತ್ತಲೇ ಬಂದಿದ್ದೇವೆ. ಸತ್ತವಳಿಗಾಗಿ ಮೆರವಣಿಗೆ ಮಾಡಿದೆವು, ಠಾಣೆಯ ಮುಂದೆ ಕೂತೆವು. ಆದರೆ ಬದುಕಿ ಉಳಿದವಳ ಕಥೆ ಏನು? ಆಸ್ಪತ್ರೆಯಿಂದ ಮನೆಗೆ ಬಂದಳೆಂದರೆ ‘ಸದ್ಯ, ಗುಣವಾಯಿತು’ ಎಂದು ನಿಟ್ಟುಸಿರು ಬಿಡುತ್ತೇವೆ. ನಿಜ ಹೇಳಬೇಕೆಂದರೆ, ಅವಳ ಅರ್ಧ ಚಿಕಿತ್ಸೆ ಶುರುವಾಗುವುದೇ ಅಂದು.

ಒಬ್ಬ ಹುಡುಗಿಯ ವಿಷಯ ಹೇಳುತ್ತೇನೆ. ಹೆಸರು ಬೇಡ. ಕತ್ತು, ಎದೆ, ಬಲಗೈ ಸುಟ್ಟಿದ್ದವು. ತವರಿಗೆ ಬಂದಳು. ಕತ್ತು ಎತ್ತಿದರೆ ನೋವೆಂದು ತಾಯಿ ತಲೆಯ ಕೆಳಗೆ ಎರಡು ದಿಂಬು ಇಟ್ಟರು. ಕೈ ಚಾಚಿದರೆ ಉರಿಯೆಂದು ಮಡಿಸಿ ಎದೆಯ ಮೇಲಿಟ್ಟರು. ಎಲ್ಲವೂ ಪ್ರೀತಿಯಿಂದಲೇ. ನಾಲ್ಕು ತಿಂಗಳಲ್ಲಿ ಗದ್ದ ಎದೆಗೆ ಅಂಟಿದಂತಾಯಿತು. ತಲೆ ಎತ್ತಿ ಎದುರಿನವರ ಮುಖ ನೋಡಲು ಆಗದು. ‘ಯಾರಾದರೂ ಒಬ್ಬರು ಹೇಳಿದ್ದರೆ ಆ ದಿಂಬು ಇಡುತ್ತಿರಲಿಲ್ಲವಲ್ಲಾ’ ಎಂದು ಆ ತಾಯಿ ಅತ್ತದ್ದನ್ನು ನಾನು ಮರೆತಿಲ್ಲ.

ಏಕೆ ಹೀಗಾಗುತ್ತದೆ? ಆಳವಾಗಿ ಸುಟ್ಟ ಜಾಗದಲ್ಲಿ ಬೆಳೆಯುವ ಹೊಸ ಚರ್ಮ ಮೊದಲಿನಂತೆ ಹಿಗ್ಗುವುದಿಲ್ಲ. ಗಾಯ ಒಣಗಿದ ಮೇಲೂ ತಿಂಗಳುಗಟ್ಟಲೆ ಒಳಗೊಳಗೇ ಮುದುರುತ್ತದೆ. ಕಲೆ ಮೆತ್ತಗಾಗಿ ನೆಲೆ ನಿಲ್ಲಲು ಒಂದರಿಂದ ಎರಡು ವರ್ಷ ಬೇಕು. ಅಷ್ಟು ದಿನ ಕೀಲುಗಳನ್ನು ಮಡಿಸಿಯೇ ಇಟ್ಟರೆ ಅವು ಹಾಗೆಯೇ ನಿಂತುಬಿಡುತ್ತವೆ. ಸುಟ್ಟವಳಿಗೆ ಯಾವ ಭಂಗಿ ಹಿತವೋ ಅದೇ ಅವಳನ್ನು ಬಿಗಿಯುವ ಭಂಗಿ. ಇದೊಂದು ಮಾತು ನೆನಪಿಡಿ.

ಆದ್ದರಿಂದ ಕತ್ತು ಸುಟ್ಟಿದ್ದರೆ ದಿಂಬು ಬೇಡ. ಕಂಕುಳು ಸುಟ್ಟಿದ್ದರೆ ತೋಳು ಮೈಗೆ ಅಂಟದಂತೆ ಅಗಲವಾಗಿಡಬೇಕು. ಮೊಣಕೈ, ಮೊಣಕಾಲು ನೇರವಾಗಿರಬೇಕು. ಬೆರಳುಗಳಿಗೆ ಒಟ್ಟಿಗೆ ಬಟ್ಟೆ ಸುತ್ತಬಾರದು, ಒಂದೊಂದಕ್ಕೂ ಬೇರೆಬೇರೆಯಾಗಿ ಸುತ್ತಬೇಕು. ಆಸ್ಪತ್ರೆಯಲ್ಲಿ ಸ್ಪ್ಲಿಂಟ್ ಕೊಟ್ಟಿದ್ದರೆ ಹೇಳಿದಷ್ಟು ಹೊತ್ತು ಕಟ್ಟಿರಬೇಕು. ಕೀಲನ್ನು ನಿಧಾನವಾಗಿ ಚಾಚಿ, ಸ್ವಲ್ಪ ಹೊತ್ತು ಹಾಗೇ ಹಿಡಿದು ಬಿಡುವ ವ್ಯಾಯಾಮವನ್ನು ದಿನಕ್ಕೆ ಹಲವು ಸಲ ಮಾಡಬೇಕು. ಜಗ್ಗಿ ಎಳೆಯಬಾರದು. ಹೊಸದಾಗಿ ಚರ್ಮ ಕಸಿ ಮಾಡಿದ್ದರೆ ಡಾಕ್ಟರು ಹೇಳುವವರೆಗೆ ಆ ಜಾಗ ಅಲುಗಿಸಬಾರದು. ಗಾಯ ಪೂರ್ತಿ ಮುಚ್ಚಿದ ಮೇಲೆ ಕೊಬ್ಬರಿ ಎಣ್ಣೆ ಹಚ್ಚಿ ಮೃದುವಾಗಿ ತಿಕ್ಕಿದರೆ ಒಣಗಿದ ಚರ್ಮಕ್ಕೂ ತುರಿಕೆಗೂ ಹಿತ. ಬಿಸಿಲು ತಾಗದಂತೆ ಮುಚ್ಚಿಕೊಳ್ಳಬೇಕು. ಬೇಳೆ, ಕಾಳು, ಮೊಟ್ಟೆ, ಹಾಲು ಚೆನ್ನಾಗಿ ತಿನ್ನಬೇಕು. ‘ನಂಜು’ ಎಂದು ಪಥ್ಯ ಮಾಡಿಸಿದರೆ ಗಾಯ ಮಾಯುವುದು ಇನ್ನೂ ತಡವಾಗುತ್ತದೆ. ಕಲೆ ಉಬ್ಬದಂತೆ ತಡೆಯಲು ಬಿಗಿ ಉಡುಪನ್ನು ಅಳತೆ ಕೊಟ್ಟು ಹೊಲಿಸುತ್ತಾರೆ. ಅದನ್ನು ಸ್ನಾನದ ಹೊತ್ತು ಬಿಟ್ಟು ಹಗಲೂ ರಾತ್ರಿ ಹಾಕಿಕೊಳ್ಳಬೇಕು. ಸೆಖೆಯಲ್ಲಿ ಅದು ಎಷ್ಟು ಕಷ್ಟವೆಂದು ಹಾಕಿಕೊಂಡವಳಿಗೇ ಗೊತ್ತು.

ಇಷ್ಟೆಲ್ಲ ಕೇಳಿ ‘ಮನೆಯಲ್ಲೇ ಮಾಡಬಹುದಲ್ಲ’ ಎನ್ನಿಸಬಹುದು. ನನ್ನದೇ ಒಂದು ಉದಾಹರಣೆ. ನಾನೊಮ್ಮೆ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡೆ. ಆರು ವಾರದ ನಂತರ ಪ್ಲಾಸ್ಟರ್ ಬಿಚ್ಚಿದಾಗ ನೀರಿನ ಲೋಟ ಹಿಡಿಯಲೂ ಬರಲಿಲ್ಲ. ಎರಡು ತಿಂಗಳು ವ್ಯಾಯಾಮ ಮಾಡಿದೆ, ಕೈ ಮತ್ತೆ ಬಂತು. ಅದು ನನ್ನ ಜಾಣತನವಲ್ಲ. ನನಗೆ ಪಿಂಚಣಿ ಇತ್ತು, ಆಟೋಗೆ ದುಡ್ಡಿತ್ತು, ಅಡುಗೆ ಮಾಡಿಕೊಡುವವರಿದ್ದರು. ವ್ಯಾಯಾಮಕ್ಕೆ ದುಡ್ಡು ಬೇಡ, ಬಿಡುವು ಬೇಕು. ಮನೆಗೆ ಬಂದ ಮಾರನೆಯ ದಿನವೇ ಒಲೆಯ ಮುಂದೆ ಕೂರಬೇಕಾದ, ಕೂಲಿಗೆ ಹೋಗಬೇಕಾದ ಹೆಣ್ಣಿಗೆ ಆ ಬಿಡುವನ್ನು ಯಾರು ಕೊಡುತ್ತಾರೆ?

ಸಂಘ ಕೊಡಬಹುದು. ಅವಳ ಮನೆಯ ನೀರು, ಅಡುಗೆ, ಮಕ್ಕಳ ಕೆಲಸವನ್ನು ಸರದಿಯ ಮೇಲೆ ಹಂಚಿಕೊಳ್ಳಿ. ಫಿಸಿಯೋಥೆರಪಿಗೆ ಹೋಗುವ ದಿನ ಒಬ್ಬರು ಜೊತೆಗೆ ಹೋಗಿ ವ್ಯಾಯಾಮ ಕಲಿತು ಬನ್ನಿ. ವಾರದ ಸಭೆಗೆ ಅವಳನ್ನು ಕರೆಯಿರಿ. ಸುಟ್ಟ ಮುಖವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದರೆ ಬರಲಿ, ಬಂದರಾಯಿತು.

ಇನ್ನೊಂದು ಮಾತು. ಔಷಧಿಯ, ಫಿಸಿಯೋಥೆರಪಿಯ ರಸೀದಿ, ಬಸ್ ಟಿಕೆಟ್ ಎಲ್ಲವನ್ನೂ ಒಂದು ಚೀಲದಲ್ಲಿ ಕೂಡಿಡಿ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಅದರ 20ನೇ ಕಲಮಿನಂತೆ ವೈದ್ಯಕೀಯ ಖರ್ಚನ್ನೂ ಕಳೆದುಕೊಂಡ ದುಡಿಮೆಯನ್ನೂ ಮ್ಯಾಜಿಸ್ಟ್ರೇಟರ ಮುಂದೆ ಕೇಳಬಹುದು. ಖರ್ಚೆಂದರೆ ಆಸ್ಪತ್ರೆಯಲ್ಲಿದ್ದ ದಿನಗಳದ್ದು ಮಾತ್ರವಲ್ಲ, ಆಮೇಲಿನ ಎರಡು ವರ್ಷದ್ದೂ ಹೌದು ಎಂದು ವಕೀಲರಿಗೆ ನೆನಪಿಸಿ.

ಆ ಹುಡುಗಿಗೆ ಆಮೇಲೆ ಶಸ್ತ್ರಚಿಕಿತ್ಸೆಯಾಯಿತು. ಈ ಸಲ ತಾಯಿ ದಿಂಬು ಇಡಲಿಲ್ಲ. ಕೇರಿಯ ನಾಲ್ವರು ಹೆಂಗಸರು ಸರದಿಯ ಮೇಲೆ ಬಂದು ವ್ಯಾಯಾಮ ಮಾಡಿಸಿದರು. ಈಗ ಅವಳು ಅಂಗಡಿಯೊಂದರಲ್ಲಿ ಹೊಲಿಗೆ ಮಾಡುತ್ತಾಳೆ. ಹೋದ ಸಲ ನಾನು ಹೋದಾಗ ತಲೆಯೆತ್ತಿ ನನ್ನ ಮುಖ ನೋಡಿ, ‘ಟೀಚರ್, ಕಾಫಿ ಕುಡೀತೀರಾ?’ ಎಂದಳು.