ಚೂರಿಯ ಹದ



ಇಂದು ಚೂರಿಯ ಮಾತೊಂದನ್ನು ಹೇಳಬೇಕೆಂದಿದ್ದೇವೆ. ದಾಸೋಹದ ಮನೆಯಲ್ಲಿ ಜಾತ್ರೆಯಲ್ಲಿ ಕೊಂಡ ಅಗ್ಗದ ಚೂರಿಗಳೆರಡು ತುಕ್ಕು ಹಿಡಿದು, ಹಿಡಿಕೆ ಸಡಿಲಾಗಿ, ಮೂಲೆಗೆ ಬಿದ್ದಿದ್ದವು. “ಎಸೆದುಬಿಡಲೇ ಬುದ್ಧೀ?” ಎಂದರು ಅಡುಗೆಯವರು. ಭಕ್ತರೊಬ್ಬರ ಮನೆಯ ಹಿತ್ತಲಿನಲ್ಲಿ ಚಿಕ್ಕದೊಂದು ಕೆಲಸದ ಕೋಣೆಯಿದೆ, ಅಲ್ಲಿಗೆ ಒಯ್ದೆವು. ಕಾಯಕದ ಮಾತಾಡುವವರು ಕೈಯನ್ನೂ ಮಸಿ ಮಾಡಿಕೊಳ್ಳಬೇಕಲ್ಲವೇ!

ಮೊದಲನೆಯದನ್ನು ಅವಸರದಿಂದ ತಿರುಗುವ ಸಾಣೆಗೆ ಕೊಟ್ಟೆವು. ಕಿಡಿ ಹಾರುವುದು ನೋಡಲು ಸೊಗಸು. ಅಷ್ಟರಲ್ಲಿ ಅಂಚು ನೀಲಿಗಟ್ಟಿತು. “ಹದ ಹೋಯಿತು ಬುದ್ಧೀ” ಎಂದರು ಆ ಭಕ್ತರು. ಉಕ್ಕು ಸುಮಾರು 300 ಡಿಗ್ರಿ ಸೆಲ್ಸಿಯಸ್ ಕಾದಾಗ ಆ ಬಣ್ಣ ಬರುತ್ತದೆ, ಗಡಸುತನ ಇಳಿಯುತ್ತದೆ, ಅಲ್ಲಿ ಹರಿತ ನಿಲ್ಲದು.

ಎರಡನೆಯದನ್ನು ಅವರು ಹೇಳಿದಂತೆ ಮಾಡಿದೆವು. ಹುಣಸೆಹಣ್ಣಿನ ನೀರಿನಿಂದ ತುಕ್ಕು ಉಜ್ಜಿ, ತೊಳೆದು ಒರೆಸಿದೆವು. ನೀರು ಕುಡಿಸಿದ ಸಾಣೆಕಲ್ಲಿನ ಒರಟು ಮುಖದ ಮೇಲೆ ಅಲಗನ್ನು ಓರೆಯಾಗಿ ಹಿಡಿದೆವು. ಅಲಗಿನ ಅಗಲ 2 ಸೆಂ.ಮೀ. ಇದ್ದರೆ ಬೆನ್ನು ಕಲ್ಲಿನಿಂದ ಸುಮಾರು 7 ಮಿ.ಮೀ. ಮೇಲಿರಬೇಕು, ಆಗ ಓರೆ 20 ಡಿಗ್ರಿ. ಮಸೆದಂತೆ ಎದುರು ಬದಿಯಲ್ಲಿ ಕೂದಲೆಳೆಯಷ್ಟು ಲೋಹ ಮಗುಚಿ ಬೆರಳಿಗೆ ತಾಗುತ್ತದೆ. ಬುಡದಿಂದ ತುದಿಯವರೆಗೆ ಅದು ತಾಗಿದ ಮೇಲೆಯೇ ಮಗ್ಗುಲು ಬದಲಿಸಬೇಕು. ಬಳಿಕ ಕಲ್ಲಿನ ನಯವಾದ ಮುಖ. ಕೊನೆಗೆ ಚರ್ಮದ ಪಟ್ಟಿ. ಹಿಡಿಕೆಗೆ ಹೊಸ ತಾಮ್ರದ ಮೊಳೆ, ಅಗಸೆ ಎಣ್ಣೆ. ಒಂದು ಮಧ್ಯಾಹ್ನವೆಲ್ಲ ಹಿಡಿಯಿತು.

ಅಂದು ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಹಿಂದಿನ ವಾರವಷ್ಟೇ ಪ್ರಸಾದನಿಲಯದ ಹುಡುಗನೊಬ್ಬನನ್ನು, ಪಾಠ ತಲೆಗೆ ಹತ್ತದೆಂದು ಗದರಿ ಊರಿಗೆ ಕಳಿಸಿದ್ದೆವು. ಅವನಿಗೂ ನಾವು ಕೊಟ್ಟದ್ದು ಕಿಡಿಯೇ, ನೀರಲ್ಲ. ಬೆಳಗಾಗುತ್ತಲೇ ಹೇಳಿಕಳಿಸಿ ಕರೆಸಿಕೊಂಡೆವು. ತಪ್ಪು ನಮ್ಮದೆಂದು ಅವನ ತಂದೆಯ ಎದುರಿಗೇ ಹೇಳಿದೆವು. ಈಗ ಅವನು ದಿನಕ್ಕೊಂದು ಪುಟದಂತೆ ಓದುತ್ತಿದ್ದಾನೆ. ನಾವು ಪಕ್ಕದಲ್ಲಿ ಕೂರುತ್ತೇವೆ.

12ನೆಯ ಶತಮಾನದ ನುಲಿಯ ಚಂದಯ್ಯ ಶರಣರು ಹುಲ್ಲಿನಿಂದ ಹಗ್ಗ ಹೊಸೆದು ದಾಸೋಹ ನಡೆಸಿದರು. ಎಳೆಗೆ ಎಳೆ ಕೂಡಿಸುವ ಕಾಯಕದಲ್ಲಿ ಅವಸರಕ್ಕೆ ಎಡೆಯೆಲ್ಲಿ?

ಆ ಮೊದಲ ಚೂರಿ ಏನಾಯಿತೆಂದು ಕೇಳುತ್ತೀರಿ. ನೀಲಿಗಟ್ಟಿದಷ್ಟನ್ನು ಒದ್ದೆಯ ಕಲ್ಲಿನ ಮೇಲೆ ಸವೆಸಿ ಕಳೆದೆವು. ಒಳಗೆ ಗಟ್ಟಿ ಉಕ್ಕು ಸಿಕ್ಕಿತು. ಅಲಗು ಕಿರಿದಾಯಿತು, ಕೆಲಸಕ್ಕೆ ಬಂದಿತು. ಸಿಟ್ಟಿನಿಂದ ಸುಟ್ಟದ್ದೂ ತಾಳ್ಮೆಯಿಂದ ಮರಳೀತು. ಆದರೆ ಸವೆದದ್ದು ಸವೆದಂತೆಯೇ. ಆದ್ದರಿಂದ ಮೊದಲೇ ಹದವರಿತು ನಡೆಯೋಣ.