ಲಿವರ್ ಬಗ್ಗೆ ಹೆದರಿಕೆ ಇರುವವರಿಗೆ ನಾಲ್ಕು ಮಾತು



ಇವತ್ತಿನ ವಿಷಯ ಮನೆಮಂದಿಯೆಲ್ಲ ಒಟ್ಟಿಗೆ ಕೂತು ಕೇಳುವಂಥದ್ದಲ್ಲ ಎಂದು ಕೆಲವರಿಗೆ ಅನ್ನಿಸಬಹುದು. ನನಗೇನೋ ಒಟ್ಟಿಗೆ ಕೂತೇ ಕೇಳಬೇಕು ಅನ್ನಿಸುತ್ತದೆ. ಇಯರ್‌ಫೋನ್ ಹಾಕಿಕೊಂಡು ಒಬ್ಬರೇ ಕೇಳಿದರೂ ಅಡ್ಡಿಯಿಲ್ಲ.

ನಾನು ಮಾತಾಡುತ್ತಿರುವುದು ಇಪ್ಪತ್ತೈದು, ಮೂವತ್ತರ ಆಸುಪಾಸಿನ ನಿಮ್ಮ ಜೊತೆ. ಕಾಲೇಜಿನಲ್ಲಿ ಶುರುವಾದ ಕುಡಿತ ವಾರಕ್ಕೆ ಒಂದು ದಿನದಿಂದ ಐದು ದಿನಕ್ಕೆ ಬಂದಿದೆ. ಯಾರೋ ಕೊಟ್ಟ ನೋವಿನ ಮಾತ್ರೆ ನಿದ್ದೆಗೆ ಅಭ್ಯಾಸವಾಗಿದೆ. ಅಥವಾ ಎಲ್ಲ ಬಿಟ್ಟು ಒಂದು ವರ್ಷವಾಗಿದೆ, ಆದರೆ ಬಲಪಕ್ಕೆಯಲ್ಲಿ ಸಣ್ಣಗೆ ಚುಚ್ಚಿದರೂ ರಾತ್ರಿ ಎರಡು ಗಂಟೆಗೆ ಎದ್ದು ಕೂತು 'ನನ್ನ ಲಿವರ್ ಹೋಯಿತಾ' ಎಂದು ಫೋನಿನಲ್ಲಿ ಹುಡುಕುತ್ತೀರಿ. ಬೆಳಿಗ್ಗೆ ಏನೂ ಆಗದವರ ಹಾಗೆ ಕೆಲಸಕ್ಕೆ ಹೋಗುತ್ತೀರಿ.

ಸತ್ವಾದಲ್ಲಿ ಬೆಳೆದವರಿಗೆ ಆಸ್ಪತ್ರೆ ದೂರವಲ್ಲ. ಹೊಲಿಗೆ ಅಂಗಡಿಗಳ ಸಾಲು, ಹಿರಿಯರು ಇನ್ನೂ ದಿಯಾಫಾ ಎಂದೇ ಕರೆಯುವ ಡಿಸೆಂಬರ್ 2 ರಸ್ತೆ, ಮಧ್ಯೆ ಎಷ್ಟೋ ಕ್ಲಿನಿಕ್ಕು, ಫಾರ್ಮಸಿ. ನಡೆದೇ ಹೋಗಬಹುದು. ನಿಮ್ಮನ್ನು ತಡೆಯುವುದು ದಾರಿಯಲ್ಲ, ಹೆದರಿಕೆ. ಆ ಹೆದರಿಕೆಯನ್ನು ಬಿಡಿಸಿ ಬಿಡಿಸಿ ನೋಡೋಣ.

ಮೊದಲು ಅಂಗದ ವಿಷಯ. ಪುಸ್ತಕದಲ್ಲಿ ಯಕೃತ್ತು, ಪಿತ್ತಜನಕಾಂಗ ಎನ್ನುತ್ತಾರೆ, ನಾವು ಲಿವರ್ ಎನ್ನೋಣ. ಬಲಗಡೆ ಪಕ್ಕೆಲುಬುಗಳ ಕೆಳಗೆ, ಸುಮಾರು ಒಂದೂವರೆ ಕಿಲೋ ತೂಕ. ಅದರ ಒಳಗೆ ನೋವು ತಿಳಿಸುವ ನರಗಳಿಲ್ಲ, ಹೊರಗಿನ ಪೊರೆ ಹಿಗ್ಗಿದಾಗ ಮಾತ್ರ ನೋವು ಗೊತ್ತಾಗುತ್ತದೆ. ಆದ್ದರಿಂದ ಎರಡು ಮಾತು ನೆನಪಿಡಿ. ಪಕ್ಕೆಯಲ್ಲಿ ಚುಚ್ಚಿದ ಮಾತ್ರಕ್ಕೆ ಲಿವರ್ ಹೋಯಿತು ಎಂದಲ್ಲ, ಅದು ಗ್ಯಾಸ್, ಸ್ನಾಯು, ಏನೂ ಇರಬಹುದು. ನೋವಿಲ್ಲ ಎಂದ ಮಾತ್ರಕ್ಕೆ ಲಿವರ್ ಚೆನ್ನಾಗಿದೆ ಎಂದೂ ಅಲ್ಲ.

ಕುಡಿತದಿಂದ ಆಗುವ ಹಾನಿಗೆ ಮೆಟ್ಟಿಲುಗಳಿವೆ. ಮೊದಲನೆಯದು ಕೊಬ್ಬು ತುಂಬುವುದು, ಅಂದರೆ ಫ್ಯಾಟಿ ಲಿವರ್. ತುಂಬಾ ಕುಡಿಯುವವರಲ್ಲಿ ಹೆಚ್ಚಿನವರಿಗೆ ಇದು ಇರುತ್ತದೆ. ಕುಡಿತ ಪೂರ್ತಿ ನಿಲ್ಲಿಸಿದರೆ ಕೆಲವೇ ವಾರಗಳಲ್ಲಿ ಈ ಕೊಬ್ಬು ಕರಗತೊಡಗುತ್ತದೆ. ಎರಡನೆಯದು ಉರಿಯೂತ, ಹೆಪಟೈಟಿಸ್. ಮೂರನೆಯದು ಫೈಬ್ರೋಸಿಸ್, ಗಾಯ ಮಾಗಿದ ಜಾಗದಲ್ಲಿ ಗಟ್ಟಿ ಕಲೆ ಉಳಿಯುವ ಹಾಗೆ. ಇಲ್ಲಿಂದಲೂ ಸಾಕಷ್ಟು ಹಿಂದೆ ಬರಬಹುದು. ಕೊನೆಯದು ಸಿರೋಸಿಸ್. ಅಲ್ಲಿಂದ ಪೂರ್ತಿ ವಾಪಸ್ ಬರುವುದು ಕಷ್ಟ. ಆದರೆ ಆ ಹಂತದಲ್ಲಿ ಕುಡಿತ ಬಿಟ್ಟವರೂ ಬಿಡದವರಿಗಿಂತ ಹೆಚ್ಚು ಕಾಲ, ಹೆಚ್ಚು ಚೆನ್ನಾಗಿ ಬದುಕುತ್ತಾರೆ. 'ಹೇಗೂ ಹಾಳಾಗಿದೆ, ಇನ್ನೇನು' ಎನ್ನುವ ಮಾತಿಗೆ ಯಾವ ಮೆಟ್ಟಿಲಿನಲ್ಲೂ ಜಾಗವಿಲ್ಲ. ಹುಡುಗಿಯರು ಇನ್ನೊಂದನ್ನು ಗಮನಿಸಿ: ಹೆಣ್ಣಿನ ದೇಹಕ್ಕೆ ಕಡಿಮೆ ಕುಡಿತದಿಂದಲೇ ಈ ಹಾನಿ ಬೇಗ ಆಗುತ್ತದೆ.

ಕುಡಿತವೊಂದೇ ಅಲ್ಲ. ಕೆಲವು ನೋವಿನ ಮಾತ್ರೆಗಳಲ್ಲಿ ಟ್ರಮಡಾಲ್ ಅಥವಾ ಕೋಡೀನ್ ಜೊತೆ ಪ್ಯಾರಾಸಿಟಮಾಲ್ ಬೆರೆತಿರುತ್ತದೆ. ಅಮಲಿಗೆಂದು ಹತ್ತು ನುಂಗಿದಾಗ ಲಿವರನ್ನು ಹೊಡೆಯುವುದು ಆ ಪ್ಯಾರಾಸಿಟಮಾಲ್. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 4 ಗ್ರಾಂ ಮಿತಿ, ಅಂದರೆ 500 ಮಿಲಿಗ್ರಾಂನ 8 ಮಾತ್ರೆ. ನಿತ್ಯ ಕುಡಿಯುವವರಿಗೆ ಅಷ್ಟೂ ಸುರಕ್ಷಿತವಲ್ಲ. ಜಿಮ್‌ನಲ್ಲಿ ತೆಗೆದುಕೊಳ್ಳುವ ಸ್ಟೀರಾಯ್ಡ್ ಮಾತ್ರೆಗಳಿಂದಲೂ ಕಾಮಾಲೆ ಬರಬಹುದು. ಸೂಜಿ ಹಂಚಿಕೊಂಡಿದ್ದರೆ ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ ಮಾಡಿಸಲೇಬೇಕು. ಹೆಪಟೈಟಿಸ್ ಸಿ ವೈರಸ್ ಪತ್ತೆಯಾದದ್ದು 1989ರಲ್ಲಿ. ಈಗ ಅದಕ್ಕೆ 8ರಿಂದ 12 ವಾರ ಮಾತ್ರೆ ತಿಂದರೆ ಹೆಚ್ಚುಕಡಿಮೆ ಎಲ್ಲರಿಗೂ ವಾಸಿಯಾಗುತ್ತದೆ. ಬಿ ಗೆ ಲಸಿಕೆ ಇದೆ.

ಇನ್ನು ಪರೀಕ್ಷೆ. 'ವೀಸಾ ಮೆಡಿಕಲ್‌ನಲ್ಲಿ ಪಾಸಾಗಿದ್ದೇನೆ, ಲಿವರ್ ಸರಿ ಇದೆ' ಎಂದು ಹೇಳುವವರಿದ್ದಾರೆ. ಆ ಪರೀಕ್ಷೆ ನೋಡುವುದು ಕ್ಷಯ, ಎಚ್‌ಐವಿಯಂಥ ಅಂಟುರೋಗಗಳನ್ನು. ಲಿವರಿಗೆ ಬೇರೆಯೇ ಪರೀಕ್ಷೆ ಬೇಕು, ಎಲ್‌ಎಫ್‌ಟಿ ಎಂದು ಕೇಳಿ. ಅದರಲ್ಲಿ ಎಸ್‌ಜಿಪಿಟಿ, ಎಸ್‌ಜಿಒಟಿ ಎಂಬ ಎರಡು ಕಿಣ್ವಗಳಿರುತ್ತವೆ. ಲಿವರಿನ ಜೀವಕೋಶ ಒಡೆದಾಗ ಇವು ರಕ್ತಕ್ಕೆ ಸೋರುತ್ತವೆ. ಕುಡಿತದ ಹಾನಿಯಲ್ಲಿ ಸಾಮಾನ್ಯವಾಗಿ ಎಸ್‌ಜಿಒಟಿ ಇನ್ನೊಂದಕ್ಕಿಂತ ಹೆಚ್ಚಿರುತ್ತದೆ. ಆದರೆ ಇವೆರಡು ಸರಿಯಿದ್ದರೂ ಒಳಗೆ ಕಲೆ ಕಟ್ಟಿರಬಹುದು. ಅದಕ್ಕೇ ವೈದ್ಯರು ಬಿಲಿರುಬಿನ್, ಆಲ್ಬುಮಿನ್, ಪ್ಲೇಟ್‌ಲೆಟ್ ಎಣಿಕೆ ನೋಡುತ್ತಾರೆ, ಅಲ್ಟ್ರಾಸೌಂಡ್ ಮಾಡಿಸುತ್ತಾರೆ, ಬೇಕಿದ್ದರೆ ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ಅಳೆಯುವ ಫೈಬ್ರೋಸ್ಕ್ಯಾನ್ ಹೇಳುತ್ತಾರೆ. ಅದಕ್ಕೆ ಸೂಜಿಯೂ ಬೇಡ, ಕೊಯ್ಯುವುದೂ ಬೇಡ.

'ರಕ್ತ ಕೊಟ್ಟರೆ ಸಿಕ್ಕಿಬೀಳುತ್ತೇನಾ?' ಇದು ನಿಮ್ಮ ದೊಡ್ಡ ಪ್ರಶ್ನೆ ಎಂದು ಗೊತ್ತು. ಎಲ್‌ಎಫ್‌ಟಿ ಮಾದಕವಸ್ತು ಹುಡುಕುವ ಪರೀಕ್ಷೆಯಲ್ಲ, ಅದು ಲಿವರಿನ ಲೆಕ್ಕ ಮಾತ್ರ ಹೇಳುತ್ತದೆ. ರೋಗಿಯ ಗುಟ್ಟನ್ನು ವೈದ್ಯರು ಕಾಪಾಡಬೇಕೆಂದು, ಕೆಲವು ಸಂದರ್ಭ ಬಿಟ್ಟು, ಇಲ್ಲಿನ ಕಾನೂನೇ ಹೇಳುತ್ತದೆ. ಇನ್ನೊಂದು ಮುಖ್ಯ ವಿಷಯ: 2021ರ 30ನೇ ಸಂಖ್ಯೆಯ ಫೆಡರಲ್ ಡಿಕ್ರಿ ಕಾನೂನಿನ 89ನೇ ವಿಧಿ. ಮಾದಕವಸ್ತು ಬಳಸುವವರು ಸಿಕ್ಕಿಬೀಳುವ ಮೊದಲೇ ತಾವಾಗಿ ಚಿಕಿತ್ಸೆ ಕೇಳಿಕೊಂಡು ಬಂದರೆ, ಅಥವಾ ಗಂಡ, ಹೆಂಡತಿ, ಹತ್ತಿರದ ಸಂಬಂಧಿಕರು ಅವರ ಪರವಾಗಿ ಕೇಳಿದರೆ, ಬಳಕೆಗಾಗಿ ಕ್ರಿಮಿನಲ್ ಕೇಸು ಹಾಕುವುದಿಲ್ಲ ಎನ್ನುತ್ತದೆ ಅದು. ಕೈಯಲ್ಲಿರುವುದನ್ನು ಒಪ್ಪಿಸಬೇಕು, ಚಿಕಿತ್ಸೆ ಪೂರ್ತಿ ಮಾಡಬೇಕು. 'ಮೊದಲೇ' ಎಂಬ ಪದದ ಕೆಳಗೆ ಗೆರೆ ಎಳೆದುಕೊಳ್ಳಿ. ದುಬೈಯಲ್ಲಿ ಇರಾದಾ ಕೇಂದ್ರ, ಅಬುಧಾಬಿಯಲ್ಲಿ 2002ರಿಂದ ಇರುವ ರಾಷ್ಟ್ರೀಯ ಪುನರ್ವಸತಿ ಕೇಂದ್ರ ಇದೇ ಕೆಲಸಕ್ಕಿವೆ. ಹೋಗುವ ಮೊದಲು ವಕೀಲರೊಬ್ಬರನ್ನು ಕೇಳಿದರೆ ಇನ್ನೂ ಒಳ್ಳೆಯದು.

ಈಗ ಎಲ್ಲಕ್ಕಿಂತ ಎಚ್ಚರಿಕೆಯ ಮಾತು. ಈ ಮಾತು ಕೇಳಿ ಇವತ್ತು ರಾತ್ರಿಯೇ ಬಾಟಲಿ ಚೆಲ್ಲಬೇಡಿ. ಪ್ರತಿದಿನ ತುಂಬಾ ಕುಡಿಯುವವರು, ನಿದ್ದೆ ಮಾತ್ರೆಗೆ ಅಂಟಿಕೊಂಡವರು ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನದಲ್ಲಿ ಕೈನಡುಕ, ಭ್ರಮೆ, ಫಿಟ್ಸ್ ಬರಬಹುದು, ಜೀವಕ್ಕೂ ಅಪಾಯ. ವೈದ್ಯರ ಕೈಕೆಳಗೆ ನಿಲ್ಲಿಸಿ. ಕಣ್ಣು ಹಳದಿಯಾಗಿದ್ದರೆ, ಹೊಟ್ಟೆ ಉಬ್ಬಿ ಕಾಲು ಊದಿದ್ದರೆ ಅಂದೇ ವೈದ್ಯರನ್ನು ನೋಡಿ. ರಕ್ತ ವಾಂತಿಯಾದರೆ, ಮಲ ಡಾಂಬರಿನಂತೆ ಕಪ್ಪಾದರೆ, ಮಾತು ತೊದಲಿ ಗೊಂದಲವಾದರೆ ಕಾಯಬೇಡಿ, 998ಕ್ಕೆ ಫೋನ್ ಮಾಡಿ.

ಊರಿನ ಔಷಧಿಯ ಬಗ್ಗೆಯೂ ಹೇಳಬೇಕು. ಅಮ್ಮನಿಗೆ ಗೊತ್ತಾದರೆ ಮೊದಲು ಊರಿಗೆ ಫೋನ್ ಹೋಗುತ್ತದೆ. ಮರುವಾರ ಯಾರದೋ ಬ್ಯಾಗಿನಲ್ಲಿ ನೆಲನೆಲ್ಲಿ ಪುಡಿ ಬರುತ್ತದೆ. ಅವರ ಪ್ರೀತಿಗೆ ಬೆಲೆ ಇದೆ. ಆದರೆ ಕಾಮಾಲೆ ಎಷ್ಟೋ ಸಲ ತಾನಾಗಿ ಇಳಿಯುತ್ತದೆ, ಹೆಸರು ಸೊಪ್ಪಿಗೆ ಬರುತ್ತದೆ. ಕುಡಿತದ ಹಾನಿ ಹಾಗೆ ಇಳಿಯುವುದಿಲ್ಲ. ಕೊರೋನಾ ಕಾಲದಲ್ಲಿ ಅಮೃತಬಳ್ಳಿ ಕಷಾಯ ಕುಡಿದ ಕೆಲವರಿಗೆ ಲಿವರ್ ತೊಂದರೆಯಾದದ್ದನ್ನು ಮುಂಬಯಿಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಏನೇ ತಿಂದರೂ ವೈದ್ಯರಿಗೆ ಹೇಳಿ.

ಊರಿನಿಂದ ತರಿಸಬೇಕಾದದ್ದು ಬೇರೆ ಇದೆ. ಧರ್ಮಸ್ಥಳದ ಜನಜಾಗೃತಿ ವೇದಿಕೆ ಹಳ್ಳಿ ಹಳ್ಳಿಯಲ್ಲಿ ಮದ್ಯವರ್ಜನ ಶಿಬಿರ ನಡೆಸುತ್ತದೆ. ಕುಡಿತ ಬಿಟ್ಟವರನ್ನು ಅಲ್ಲಿ 'ನವಜೀವನ' ಸದಸ್ಯರು ಎಂದು ಕರೆಯುತ್ತಾರೆ. ಹೆಂಡತಿ, ಮಕ್ಕಳು, ಊರವರ ಎದುರಿಗೇ ಅವರು ಬಿಟ್ಟೆ ಎನ್ನುತ್ತಾರೆ, ಊರವರು ಆಮೇಲೂ ವಿಚಾರಿಸಿಕೊಳ್ಳುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವ್ಯಸನ ಚಿಕಿತ್ಸಾ ವಿಭಾಗವಿದೆ, ರಜೆಗೆ ಹೋದಾಗ ಕನ್ನಡದಲ್ಲೇ ಮಾತಾಡಿ ಬರಬಹುದು. ನಮ್ಮ ಊರಿನಲ್ಲಿ ಎಲ್ಲರೆದುರು ಹೇಳಬಹುದಾದ ಮಾತನ್ನು ಇಲ್ಲಿ ನಾವು ಫ್ಲ್ಯಾಟಿನ ಬಾಗಿಲು ಹಾಕಿ ಮುಚ್ಚಿಡುತ್ತೇವೆ. 'ಸಂಘದವರಿಗೆ ಗೊತ್ತಾದರೆ?' ಎಂದು ಅಪ್ಪ ಅಮ್ಮ ಹೆದರುತ್ತಾರೆ. ಅಪ್ಪ ಅಮ್ಮ ಈಗ ಕೇಳುತ್ತಿದ್ದರೆ ಅವರಿಗೂ ಒಂದು ಮಾತು: ಮಗ, ಮಗಳು ಬಾಯಿಬಿಟ್ಟ ದಿನ ಬೈಯಬೇಡಿ. ಬೈಯುವುದಕ್ಕೆ ಮುಂದೆ ಬೇಕಾದಷ್ಟು ದಿನ ಇದೆ. ಆ ದಿನ ಜೊತೆಗೆ ಕ್ಲಿನಿಕ್ಕಿಗೆ ಹೋಗಿ.

ನಿಮಗೆ ಹೇಗೆ ಶುರುಮಾಡುವುದೆಂದು ಗೊತ್ತಾಗದಿದ್ದರೆ ವೈದ್ಯರಿಗೆ ಮೂರೇ ವಾಕ್ಯ ಸಾಕು. ಎಷ್ಟು ವರ್ಷದಿಂದ. ಏನು, ಎಷ್ಟು. ಕೊನೆಯ ಸಲ ಯಾವಾಗ. ಕಡಿಮೆ ಮಾಡಿ ಹೇಳಬೇಡಿ, ಅವರು ಕೊಡುವ ಔಷಧಿ ನೀವು ಹೇಳಿದ ಲೆಕ್ಕದ ಮೇಲೆ ನಿಂತಿದೆ.

ಪರೀಕ್ಷೆ ಮಾಡಿಸದೆ ಕಳೆದ ರಾತ್ರಿಗಳಲ್ಲಿ ನಿಮಗೆ ಸಿಕ್ಕಿದ್ದು ಭಯ ಮಾತ್ರ. ಮಾಡಿಸಿದರೆ ಒಂದು ಉತ್ತರ ಸಿಗುತ್ತದೆ, ಏನು ಮಾಡಬೇಕೆಂದು ತಿಳಿಯುತ್ತದೆ. ನಿಮ್ಮ ವಯಸ್ಸಿನಲ್ಲಿ ಆ ಉತ್ತರ ನೀವು ಅಂದುಕೊಂಡದ್ದಕ್ಕಿಂತ ಒಳ್ಳೆಯದಾಗಿರುವ ಸಾಧ್ಯತೆಯೇ ಹೆಚ್ಚು. ಈ ವಾರ ಒಂದು ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ. ಒಬ್ಬರೇ ಹೋಗಲು ಧೈರ್ಯ ಸಾಲದಿದ್ದರೆ ಅಕ್ಕನನ್ನೋ ಅಣ್ಣನನ್ನೋ ಗೆಳೆಯನನ್ನೋ ಕರೆದುಕೊಂಡು ಹೋಗಿ.

ಮುಂದಿನ ವಾರ ಮತ್ತೆ ಸಿಗೋಣ. ಆರೋಗ್ಯ ನೋಡಿಕೊಳ್ಳಿ. ನಮಸ್ಕಾರ.